ಪಟ್ಟಿಯಲ್ಲಿಲ್ಲದ ಹೆಸರು

ಬೋರ್ಡಣ್ಣನಿಗೆ ಒಂದು ಚಾಳಿ ಇತ್ತು. ಅಂಗಡಿಯ ಬೋರ್ಡು ಬರೆದು ಮುಗಿಸಿದ ಮೇಲೆ, ದುಡ್ಡು ಕೇಳುವ ಮೊದಲು, ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿಂದ ಕಣ್ಣು ಕಿರಿದು ಮಾಡಿ ಓದುತ್ತಿದ್ದ. ಅಷ್ಟಕ್ಕೇ ಬಿಡುತ್ತಿದ್ದನೇ? ದಾರಿಯಲ್ಲಿ ಹೋಗುವ ಯಾರನ್ನಾದರೂ ತಡೆದು, "ಸ್ವಲ್ಪ ಅದೇನು ಬರೆದಿದೆ ಓದಿ ಹೇಳ್ತೀರಾ" ಎಂದು ಕೇಳುತ್ತಿದ್ದ. ಅವರು ತಡವರಿಸದೆ ಓದಿದರೆ ಕೆಲಸ ಮುಗಿಯಿತು, ತಡವರಿಸಿದರೆ ಏಣಿ ಮತ್ತೆ ಗೋಡೆಗೆ. ಹೀಗೆ ಇಪ್ಪತ್ತು ವರ್ಷ ಊರಿನ ಅರ್ಧ ಬೀದಿಗಳ ಹೆಸರು ಬರೆದವನು ಅವನು.

ಆಮೇಲೆ ಹತ್ತೇ ನಿಮಿಷಕ್ಕೆ ಬೋರ್ಡು ಮುದ್ರಿಸಿ ಸುರುಳಿ ಸುತ್ತಿ ಕೊಡುವ ಯಂತ್ರ ಬಂತು. ಬೋರ್ಡಣ್ಣನ ಕುಂಚಗಳು ಡಬ್ಬಿಯಲ್ಲಿ ತಲೆ ಮೇಲಾಗಿ ನಿಂತವು, ನಿಂತೇ ಉಳಿದವು. ಅವನು ಕೊನೆಯದಾಗಿ ಬರೆದದ್ದು ಒಬ್ಬ ಬೀಗ ಮಾಡುವವನ ಬೋರ್ಡು. ಬೋರ್ಡಿನ ಕೆಳಗೆ ವೆಬ್‌ಸೈಟಿನ ಹೆಸರೂ ಇರಲಿ ಎಂದು ಬೀಗದವನು ಆಸೆಪಟ್ಟ. ನೋಡಿದರೆ ಅವನಿಗೆ ಬೇಕಾದ ಹೆಸರನ್ನು ಯಾರೋ ಎಲ್ಲೋ ಕೂತವನು ಆಗಲೇ ಹಿಡಿದುಕೊಂಡಿದ್ದ. ಜನ್ಮದಲ್ಲಿ ಒಂದು ಬೀಗ ಮುಟ್ಟಿದವನಲ್ಲ. ಆದರೂ ಅಂಗಡಿಯ ಅರ್ಧ ವರ್ಷದ ಬಾಡಿಗೆಯಷ್ಟು ಕೇಳಿದ, ಬೀಗದವನು ಕೊಟ್ಟ. ಬರೆಯುವವನಿಗೆ ಚಿಲ್ಲರೆ, ಹಿಡಿದುಕೊಂಡು ಕೂತವನಿಗೆ ಮೂಟೆ. ಇದೊಳ್ಳೆ ಚೆನ್ನಾಗಿದೆಯಲ್ಲ ಎಂದುಕೊಂಡ ಬೋರ್ಡಣ್ಣ. ಮಾರನೆಯ ತಿಂಗಳು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಒಂದು ಮನೆಗೆ ಬಂತು.

ಡೊಮೈನ್ ಹೆಸರಿನ ದಂಧೆ ಎಂದರೆ ಹೇಳಲು ಸುಲಭ, ಮಾಡಲು ಕಷ್ಟ. ವೆಬ್‌ಸೈಟಿನ ಹೆಸರನ್ನು ಯಾರೂ ಪೂರ್ತಿ ಕೊಳ್ಳುವುದಿಲ್ಲ, ವರ್ಷಕ್ಕಿಷ್ಟು ಬಾಡಿಗೆ ಕಟ್ಟಿ ಇಟ್ಟುಕೊಳ್ಳುತ್ತಾರೆ. ಕಟ್ಟಿದರೆ ನಿಮ್ಮದು, ಮರೆತರೆ ಊರಿಗೆಲ್ಲ ಬಿಟ್ಟದ್ದು. ಮುಂದೆ ಯಾರಿಗಾದರೂ ಬೇಕಾದೀತು ಎಂಬ ಹೆಸರನ್ನು ಇವತ್ತೇ ಹಿಡಿಯಬೇಕು, ಬೇಕಾದವನು ಬರುವವರೆಗೆ ಕಾಯಬೇಕು. ಹೆಸರು ಒಂದು ಸಲ ಹೇಳಿದರೆ ಎರಡನೇ ಸಲ ಕೇಳುವಂತಿರಬಾರದು, ಅದೇ ಬೋರ್ಡಣ್ಣನ ಕಟ್ಟುಪಾಡು. ಇಪ್ಪತ್ತು ವರ್ಷ ಬೋರ್ಡು ಬರೆದವನ ಕಣ್ಣು ಅಲ್ಲಿ ಕೆಲಸಕ್ಕೆ ಬಂತು. ಹನ್ನೆರಡು ವರ್ಷದಲ್ಲಿ ಇನ್ನೂರು ಹೆಸರು ಕೈಯಲ್ಲಿ ನಿಂತವು, ಆಗೊಂದು ಈಗೊಂದು ಮಾರಾಟವಾಗಿ ಹೊಟ್ಟೆ ಬಟ್ಟೆಗೆ ಮೋಸವಿರಲಿಲ್ಲ. ಅವನ ಹೆಂಡತಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ ಮಾಡುವವಳು. ಗಂಡ ಏನು ಮಾಡ್ತಾರೆ ಎಂದು ಯಾರಾದರೂ ಕೇಳಿದರೆ, "ಊರವರ ಹೆಸರು ಕೆಡಿಸೋರನ್ನ ನೋಡಿರ್ತೀರ. ನಮ್ಮನೆಯವರು ಊರವರ ಹೆಸರು ಮಾರ್ತಾರೆ" ಎನ್ನುತ್ತಿದ್ದಳು.

ಬೋರ್ಡಣ್ಣನಿಗೆ ಒಬ್ಬಳೇ ಅಕ್ಕ. ಊರಿಗೆಲ್ಲ ಅವಳು ಮಷೀನಕ್ಕ. ಹೊಲಿಗೆ ಮಷೀನು ರಿಪೇರಿ ಅವಳ ಕಸುಬು, ತಂದೆಯಿಂದ ಕಲಿತದ್ದು. ತಂದೆ ಹೋದಾಗ ಅವಳಿಗೆ ಹತ್ತೊಂಬತ್ತು, ತಮ್ಮನಿಗೆ ಹನ್ನೆರಡು. ಹೆಣ್ಣುಮಗಳಿಗೆ ಈ ಎಣ್ಣೆ ಮಸಿಯ ಕೆಲಸ ಯಾಕೆ, ಅಂಗಡಿ ಮುಚ್ಚು ಎಂದು ಹಲವರು ಬುದ್ಧಿ ಹೇಳಲು ಬಂದರು. ಅವಳು ಬೆಳಗ್ಗೆ ಎದ್ದು ಹೋಗಿ ಬಾಗಿಲು ತೆರೆದಳು. ತಮ್ಮನನ್ನು ಓದಿಸಿದ್ದು, ಅವನ ಮದುವೆ ಮಾಡಿದ್ದು, ಅವನ ಮೊದಲ ಏಣಿ ಕೊಡಿಸಿದ್ದು ಎಲ್ಲ ಆ ಅಂಗಡಿಯೇ. ತನ್ನ ಮದುವೆಯ ಮಾತು ಬಂದಾಗ ಮಾತ್ರ, "ಈ ಮಷೀನು ಮುಗೀಲಿ ನೋಡೋಣ" ಎನ್ನುತ್ತಿದ್ದಳು. ಮಷೀನು ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು.

ಅವಳ ಅಂಗಡಿಯ ಪಕ್ಕದಲ್ಲಿ ತಗಡಿನ ಡಬ್ಬಿ ಮಾಡುವ ಶೆಡ್ಡು. ನಲವತ್ತು ವರ್ಷ ಆ ಸುತ್ತಿಗೆ ಸದ್ದಿನಲ್ಲಿ ಕೂತು ಮಷೀನಕ್ಕನ ಕಿವಿ ಮುಕ್ಕಾಲು ಹೋಗಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, "ಇದರಲ್ಲಿ ಮಾತಿಗಿಂತ ಗಾಳೀನೇ ಜಾಸ್ತಿ ಕೇಳತ್ತೆ" ಎಂದು ಡ್ರಾಯರಿಗೆ ಹಾಕಿದಳು. ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಕೇಳಿಸುತ್ತಿತ್ತು. ಫೋನಿನಲ್ಲಿ ಮಾತಾಡುವುದು ಮಾತ್ರ ಆಗದ ಕೆಲಸ. ಕಿವಿಗೆ ಬಾರದ್ದು ಬೆರಳಿಗೆ ಬರುತ್ತಿತ್ತು: ಓಡುವ ಮಷೀನಿನ ಮೇಲೆ ಅಂಗೈ ಇಟ್ಟು, ತೊಡಕು ಶಟಲಿನಲ್ಲೋ ಬೆಲ್ಟಿನಲ್ಲೋ ಹೇಳುತ್ತಿದ್ದಳು.

ಅವಳಿಗೂ ಒಂದು ಪದ್ಧತಿ ಇತ್ತು. ಮೊದಲ ಸಲ ಕೈಗೆ ಬಂದ ಪ್ರತಿ ಮಷೀನಿನ ತಳಕ್ಕೆ ಎರಡು ಬೆರಳಗಲದ ತಗಡಿನ ಬಿಲ್ಲೆ ಕೂರಿಸುತ್ತಿದ್ದಳು. ಅದರ ಮೇಲೆ ಅವಳ ಹೆಸರು, ಅಂಗಡಿಯ ವಿಳಾಸ. ಸ್ಕ್ರೂ ಹಾಕುತ್ತಿರಲಿಲ್ಲ, ಸ್ಕ್ರೂ ಆದರೆ ಯಾರೋ ಬಿಚ್ಚುತ್ತಾರೆ ಎಂದು ರಿವೆಟ್ ಹೊಡೆದು ಬಿಗಿಯುತ್ತಿದ್ದಳು. ಅತ್ತೆಯ ಮಷೀನು ಸೊಸೆಗೆ ಬಂದರೆ ಜೊತೆಗೆ ಮಷೀನಕ್ಕನ ವಿಳಾಸವೂ ಬರುತ್ತಿತ್ತು. ಬೇರೆ ಊರಿಗೆ ಹೋದವರು ಮಷೀನು ಮಗುಚಿ, ಬಿಲ್ಲೆ ನೋಡಿ, ಸವೆದ ಬಿಡಿಭಾಗವನ್ನು ಅಂಚೆಯಲ್ಲಿ ಕಳಿಸುತ್ತಿದ್ದರು.

ಅಂಥ ಅಂಗಡಿ ರಸ್ತೆ ಅಗಲ ಮಾಡುವ ನಕ್ಷೆಯೊಳಗೆ ಸಿಕ್ಕಿಬಿತ್ತು. ಡಬ್ಬಿ ಶೆಡ್ಡು ಸಮೇತ ಇಡೀ ಸಾಲು ಎಂಟು ತಿಂಗಳಲ್ಲಿ ಖಾಲಿಯಾಗಬೇಕೆಂದು ಕಾಗದ ಬಂತು. ಬೋರ್ಡಣ್ಣ ಕಾಗದ ಓದಿ ಒಂದು ಗಳಿಗೆಯೂ ಯೋಚಿಸಲಿಲ್ಲ.

"ನಮ್ಮನೆ ಮೇಲಿನ ಕೋಣೆಗೆ ಬಂದುಬಿಡು ಅಕ್ಕ. ಬೆಳಕು ಚೆನ್ನಾಗಿದೆ."

"ಬರ್ತೀನಿ. ಜನ ಹೇಗೆ ಬರ್ತಾರೆ? ಗಲ್ಲಿಯೊಳಗೆ ಗಲ್ಲಿ, ಅದರೊಳಗೆ ನಿನ್ನ ಮನೆ."

"ಜನ ಮೊದಲು ಹೆಸರಿಗೆ ಬರ್ತಾರೆ, ಆಮೇಲೆ ಮನೆಗೆ. ನಿನಗೊಂದು ವೆಬ್‌ಸೈಟ್ ಮಾಡ್ತೀನಿ. ಅದರಲ್ಲಿ ವಿಳಾಸ ಇರತ್ತೆ, ಯಾವ ಭಾಗ ಬೇಕು ಅಂತ ಬರೆದು ಕಳಿಸೋಕೆ ಜಾಗ ಇರತ್ತೆ. ಯಾರೂ ಫೋನ್ ಮಾಡೋದೇ ಬೇಡ."

"ಬಿಲ್ಲೆ ಮೇಲೆ ನಿನ್ನ ಮನೆ ವಿಳಾಸಾನೇ ಹಾಕಿದ್ರೆ ಆಗಲ್ವಾ?"

"ವಿಳಾಸ ಬದಲಾಗತ್ತೆ, ಹೆಸರು ಬದಲಾಗಲ್ಲ. ಈಗ ಆಗಿದ್ದೇ ನೋಡು. ಅದು ನನಗೆ ಬಿಡು."

ಅಕ್ಕ ಬಿಟ್ಟಳು. ತಮ್ಮ ಹೆಸರಿನ ವಿಷಯ ತಿಳಿದವನು, ಅವನಿಗೆ ಬಿಡದೆ ಇನ್ಯಾರಿಗೆ ಬಿಡುತ್ತಾಳೆ?

ಹೆಸರು ಆಗಲೇ ಅವನ ಕೈಯಲ್ಲಿತ್ತು. ಮಷೀನಕ್ಕ ಎಂಬ ಹೆಸರನ್ನು, ಚುಕ್ಕಿಯ ಮುಂದೆ ಎಲ್ಲರಿಗೂ ಗೊತ್ತಿರುವ ಮಾಮೂಲಿ ಬಾಲದೊಂದಿಗೆ, ಒಂಬತ್ತು ವರ್ಷದಿಂದ ಬಾಡಿಗೆ ಕಟ್ಟಿ ಇಟ್ಟುಕೊಂಡಿದ್ದ. ಮಾರುವುದಕ್ಕಲ್ಲ, ಅಕ್ಕನ ಹೆಸರು ಬೇರೆಯವರ ಕೈಗೆ ಹೋಗಬಾರದು ಎಂದು. ಅದನ್ನೇ ಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅದೇ ತಿಂಗಳು ಬೋರ್ಡಣ್ಣನಿಗೆ ಬೆಣ್ಣೆ ಸಿಕ್ಕಿದ.

ಬೆಣ್ಣೆ ಎನ್ನುವುದು ಆ ಮನುಷ್ಯನ ಮಾತಿಗೆ ಆಮೇಲೆ ಬಿದ್ದ ಅಡ್ಡಹೆಸರು. ಹೆಸರು ಮಾರುವವರೆಲ್ಲ ವರ್ಷಕ್ಕೊಮ್ಮೆ ಒಂದು ಬಾಡಿಗೆ ಹಾಲ್‌ನಲ್ಲಿ ಸೇರುತ್ತಿದ್ದರು. ಅಲ್ಲಿ ಬೆಣ್ಣೆ ಎದ್ದು ನಿಂತು ಕೇಳಿದ: "ನಿಮ್ಮ ಹೆಸರು ನಿಮ್ಮದು ಅಂತೀರಲ್ಲ, ವರ್ಷಾ ವರ್ಷಾ ಬಾಡಿಗೆ ಕಟ್ಟೋದು ಸ್ವಂತ ಮನೆಗಾ?" ಅವನ ಕಂಪನಿ ಹೊಸ ಹೆಸರುಗಳನ್ನು ಮಾರುತ್ತಿತ್ತು. ಒಂದೇ ಸಲ ಕೊಡಬೇಕು, ಸಾಯುವ ತನಕ ನಿಮ್ಮದು, ಸತ್ತ ಮೇಲೆ ಮಕ್ಕಳದು. ಬಾಡಿಗೆ ಇಲ್ಲ, ಯಾವ ಕಚೇರಿಯೂ ಕಿತ್ತುಕೊಳ್ಳುವಂತಿಲ್ಲ. ಹೆಸರಿನ ಬಾಲವೂ ನಮ್ಮ ಭಾಷೆಯದೇ: ಚುಕ್ಕಿಯ ಮುಂದೆ 'ಅಂಗಡಿ' ಎಂದೇ ಬರೆಯಬಹುದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನೀವು ಫೋನಿನಲ್ಲಿ ಒಂದು ಹೆಸರು ಒತ್ತಿದಾಗ, ಈ ಹೆಸರಿನವರು ಎಲ್ಲಿದ್ದಾರೆ ಎಂದು ಆ ಫೋನು ಒಂದು ದೊಡ್ಡ ಪಟ್ಟಿಯನ್ನು ಕೇಳುತ್ತದೆ. ನನ್ನ ಫೋನು ಕೇಳುವುದೂ ಅದೇ ಪಟ್ಟಿಯನ್ನು, ನಿಮ್ಮದು ಕೇಳುವುದೂ ಅದನ್ನೇ. ಹಾಗಾಗಿಯೇ ಇಬ್ಬರೂ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಬೆಣ್ಣೆಯ ಕಂಪನಿಯವರು ತಮ್ಮದೇ ಬೇರೆ ಪಟ್ಟಿ ಮಾಡಿಕೊಂಡಿದ್ದರು. ಆ ಪಟ್ಟಿಯನ್ನು ಮಾಮೂಲಿ ಫೋನುಗಳು ಕೇಳುವುದೇ ಇಲ್ಲ. ಕೇಳಬೇಕಾದರೆ ಫೋನಿನೊಳಗೆ ಒಂದು ಸಣ್ಣ ಏರ್ಪಾಡು ಮಾಡಬೇಕು. ಬೆಣ್ಣೆ ಅದನ್ನು ಮುಚ್ಚಿಡಲಿಲ್ಲ, ಪಾಪ. "ಎರಡು ನಿಮಿಷದ ಕೆಲಸ ಸಾರ್. ಮುಂದಿನ ವರ್ಷದ ಹೊತ್ತಿಗೆ ಎಲ್ಲ ಫೋನಲ್ಲೂ ತಾನಾಗೇ ಬರತ್ತೆ" ಎಂದ. ಅಲ್ಲೇ ಕೂತು ಬೋರ್ಡಣ್ಣನ ಫೋನಿನಲ್ಲಿ ಮಾಡಿಯೂ ಕೊಟ್ಟ.

ಇನ್ನೂರು ಹೆಸರಿನ ವರ್ಷದ ಬಾಡಿಗೆ ಬೋರ್ಡಣ್ಣನನ್ನು ಆಗಲೇ ಹಿಂಡುತ್ತಿತ್ತು. ಅವನಿಗೆ ಬೆಣ್ಣೆಯ ಮಾತು ಹಿತವಾಗಿ ಇಳಿಯಿತು. ಅಂಗಡಿ ಬಾಲದ ತೊಂಬತ್ತು ಹೆಸರು ಕೊಂಡ. ಮೊದಲ ತಿಂಗಳಲ್ಲೇ ಎರಡು ಮಾರಾಟವಾದವು, ಒಳ್ಳೆಯ ಲಾಭಕ್ಕೆ. ಕೊಂಡವರಿಬ್ಬರೂ ಅದೇ ಹಾಲ್‌ನಲ್ಲಿ ಅವನ ಪಕ್ಕ ಕೂತಿದ್ದವರು.

"ನಿಮ್ಮ ದಂಧೆಯವರನ್ನ ಬಿಟ್ಟು ಇನ್ಯಾರಾದ್ರೂ ಕೊಂಡಿದಾರಾ?" ಎಂದಳು ಹೆಂಡತಿ.

"ಶುರುವಲ್ಲಿ ಹಾಗೇ ಇರತ್ತೆ ಕಣೆ."

"ಬೇರೆಯವರ ಫೋನಲ್ಲಿ ತೆರೆಯತ್ತಾ?"

"ಏರ್ಪಾಡು ಮಾಡ್ಕೊಂಡ್ರೆ ತೆರೆಯತ್ತೆ."

"ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ ಅಂತ ಸುಮ್ನೆ ಹೇಳಿಲ್ಲ ರೀ" ಎಂದು ಅವಳು ಊಟದ ಡಬ್ಬಿ ಮುಚ್ಚಿಕೊಂಡು ಕೆಲಸಕ್ಕೆ ಹೋದಳು. ಬೋರ್ಡಣ್ಣನಿಗೆ ಸಿಟ್ಟು ಬಂತು. ಮಾತ್ರೆ ಎಣಿಸುವವಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡ.

ಬಾಡಿಗೆಯ ದಿನ ಬಂದಾಗ ಹಳೆಯ ಹೆಸರುಗಳಲ್ಲಿ ನೂರಾ ಅರವತ್ತನ್ನು ಬಿಟ್ಟುಬಿಟ್ಟ. ಮಷೀನಕ್ಕನದೂ ಅದರಲ್ಲಿತ್ತು. ಮರೆತು ಬಿಟ್ಟದ್ದಲ್ಲ, ಯೋಚಿಸಿಯೇ ಬಿಟ್ಟದ್ದು. ಅಕ್ಕನಿಗೆ ಬಾಡಿಗೆ ಹೆಸರು ಯಾಕೆ, ಸ್ವಂತದ್ದೇ ಕೊಡುತ್ತೇನೆ ಎಂಬ ಹಮ್ಮು. ಅಂಗಡಿ ಬಾಲದ 'ಮಷೀನಕ್ಕ' ಅವಳ ಪಾಲಿಗೆ ಬಂತು. ತಾನೇ ಕೂತು ಪುಟ ಮಾಡಿದ: ಮೇಲೆ ಒಂದು ಮಷೀನಿನ ಚಿತ್ರ, ಕೆಳಗೆ ಮನೆಗೆ ಬರುವ ದಾರಿ, ಅದರ ಕೆಳಗೆ ಏನು ಬೇಕೆಂದು ಬರೆಯುವ ಜಾಗ. ತನ್ನ ಕಂಪ್ಯೂಟರಿನಲ್ಲಿ, ತನ್ನ ಫೋನಿನಲ್ಲಿ, ಅಕ್ಕನ ಫೋನಿನಲ್ಲಿ ಆ ಎರಡು ನಿಮಿಷದ ಏರ್ಪಾಡು ಮಾಡಿದ. ಹೆಸರು ಒತ್ತಿದರೆ ಪುಟ ಥಟ್ಟನೆ ಬರುತ್ತಿತ್ತು. ಅಕ್ಕ ನೋಡಿ ಮಗುವಿನ ಹಾಗೆ ಖುಷಿಪಟ್ಟಳು. ವಾರ ಕಳೆಯುವುದರೊಳಗೆ ಏರ್ಪಾಡು ಮಾಡಿದ್ದು ಬೋರ್ಡಣ್ಣನ ತಲೆಯಿಂದ ಹೋಗೇಬಿಟ್ಟಿತು. ಕಣ್ಣಿಗೆ ಕನ್ನಡಕ ಹಾಕಿಕೊಂಡವನಿಗೆ ಕನ್ನಡಕ ನೆನಪಿರುತ್ತದೆಯೇ? ಎಲ್ಲ ಸ್ಪಷ್ಟ ಕಾಣುತ್ತದೆ, ಅಷ್ಟೇ.

ಅಂಗಡಿ ಖಾಲಿ ಮಾಡುವ ಮೊದಲಿನ ಎರಡು ತಿಂಗಳು ಮಷೀನಕ್ಕ ಹಳೆಯ ಗಿರಾಕಿಗಳಿಗೆಲ್ಲ ಹೇಳಿ ಕಳಿಸಿದಳು, ಮಷೀನು ತನ್ನಿ, ಪುಕ್ಕಟೆ ಎಣ್ಣೆ ಹಾಕಿ ಕೊಡುತ್ತೇನೆ ಎಂದು. ತಂದದ್ದಕ್ಕೆಲ್ಲ ಹಳೆಯ ಬಿಲ್ಲೆ ಕಿತ್ತು ಹೊಸ ಬಿಲ್ಲೆ ಹೊಡೆದಳು. ಹೊಸ ಬಿಲ್ಲೆಯ ಮೇಲೆ ಬೀದಿಯೂ ಇಲ್ಲ, ಮನೆಯ ನಂಬರೂ ಇಲ್ಲ. ತಮ್ಮ ತನ್ನ ಚಂದದ ಅಕ್ಷರದಲ್ಲಿ ಕೊರೆದುಕೊಟ್ಟ ಆ ಒಂದು ಹೆಸರು. ಮುನ್ನೂರ ನಲವತ್ತು ಮಷೀನು. ಎಲ್ಲಿಗೆ ಹೋಗ್ತೀರ ಅಕ್ಕ ಎಂದು ಕೇಳಿದವರಿಗೆ ಬಿಲ್ಲೆಯನ್ನು ಬೆರಳಿನಿಂದ ತಟ್ಟಿ, "ಎಲ್ಲ ಇದರಲ್ಲಿದೆ" ಎನ್ನುತ್ತಿದ್ದಳು.

ಸಾಲು ಕೆಡವಿದರು. ಮಷೀನಕ್ಕ ಮೇಲಿನ ಕೋಣೆಗೆ ಬಂದಳು. ಕಿಟಕಿಯ ಕೆಳಗೆ ಬೆಂಚು, ಬೆಂಚಿನ ಮೇಲೆ ಎಣ್ಣೆ ಡಬ್ಬಿ, ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗು ಹಾಕಿದ ಸ್ಪ್ಯಾನರುಗಳು. ಬೆಳಗ್ಗೆ ಎದ್ದವಳೇ ಫೋನಿನಲ್ಲಿ ಪುಟ ತೆರೆದು ನೋಡುತ್ತಿದ್ದಳು. ಪುಟ ಬರುತ್ತಿತ್ತು, ಅದರೊಳಗೆ ಯಾರೂ ಏನೂ ಬರೆದಿರುತ್ತಿರಲಿಲ್ಲ.

ಮೊದಲ ತಿಂಗಳು ಜನಕ್ಕೆ ಗೊತ್ತಾಗಲು ಹೊತ್ತು ಬೇಕು ಎಂದರು. ಎರಡನೆಯ ತಿಂಗಳು, ಎಣ್ಣೆ ಹಾಕಿಸಿಕೊಂಡು ಹೋದ ಮಷೀನು ಇಷ್ಟು ಬೇಗ ಎಲ್ಲಿ ಕೆಡುತ್ತದೆ ಎಂದರು. ಮೂರನೆಯ ತಿಂಗಳು ಆಡುವುದಕ್ಕೆ ಮಾತು ಉಳಿಯಲಿಲ್ಲ. ಮಷೀನಕ್ಕ ಒರೆಸಿದ್ದನ್ನೇ ಒರೆಸುತ್ತ, ಹೊಂದಿಸಿದ್ದನ್ನೇ ಹೊಂದಿಸುತ್ತ ಕೂತಿರುತ್ತಿದ್ದಳು. ಆಮೇಲೆ ಒರೆಸುವುದನ್ನೂ ಬಿಟ್ಟಳು. ಊಟಕ್ಕೆ ಕೆಳಗೆ ಬಂದಾಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ನೋಡದಿದ್ದರೆ ಅವಳಿಗೆ ಯಾರ ಮಾತೂ ಕೇಳಿಸುವುದಿಲ್ಲ, ಮನೆಯವರಿಗೆ ಅದು ಗೊತ್ತು.

"ಜನ ಹೊಸ ಮಷೀನು ಕೊಂಡ್ರೇನೋ" ಎಂದಳು ಒಂದು ದಿನ. ಇನ್ನೊಂದು ದಿನ, "ಅಂಗಡಿ ಕಣ್ಣೆದುರಿಗಿತ್ತು ಅಂತ ಜನ ಬರ್ತಿದ್ರು, ಅಷ್ಟೇ ಪುಟ್ಟ. ಕಣ್ಣಿಂದ ಮರೆಯಾದ್ರೆ ಮುಗೀತು" ಎಂದಳು. ಐವತ್ತನಾಲ್ಕು ವರ್ಷದ ತಮ್ಮ ಅವಳಿಗೆ ಇನ್ನೂ ಪುಟ್ಟ. ಪುಟ್ಟ ಎದ್ದು ಹೋಗಿ ಕೈ ತೊಳೆದ.

ನಾಲ್ಕನೆಯ ತಿಂಗಳು ಅವಳು ಒಬ್ಬ ಮೆಕ್ಯಾನಿಕ್‌ಗೆ ಹೇಳಿ ಕಳಿಸಿದಳು. ತಂದೆಯ ಕಾಲದ ಲೇತು, ಟೂಲುಗಳು, ಬಿಡಿಭಾಗದ ಪೆಟ್ಟಿಗೆಗಳು ಎಲ್ಲ ಒಟ್ಟಿಗೆ ತೆಗೆದುಕೊಂಡು ಹೋಗು ಎಂದು. ಅವನು ಭಾನುವಾರ ಹನ್ನೊಂದಕ್ಕೆ ಗಾಡಿ ತರುತ್ತೇನೆಂದ. ಇದು ತಿಳಿದ ದಿನ ಗುರುವಾರ. ಅಕ್ಕನ ಕೈಯಿಂದ ಆ ಟೂಲು ಹೋದರೆ ಅಕ್ಕ ಎಷ್ಟು ದಿನ ಉಳಿದಾಳು ಎಂದು ಬೋರ್ಡಣ್ಣನಿಗೆ ನಿಜಕ್ಕೂ ಭಯವಾಯಿತು.

ಶುಕ್ರವಾರ ಪ್ಯಾಂಟಿನ ಜಿಪ್ ಹಾಕಿಸಲು ಅವನು ದರ್ಜಿಯ ಅಂಗಡಿಗೆ ಹೋದ. ದರ್ಜಿ ಇವನನ್ನು ಕಂಡವನೇ ಕತ್ತರಿ ಕೆಳಗಿಟ್ಟ.

"ಅಕ್ಕ ತೀರ್ಕೊಂಡ್ರಂತೆ. ನಮಗೊಂದು ಮಾತು ಹೇಳಬಾರದಿತ್ತಾ ಬೋರ್ಡಣ್ಣ?"

"ಯಾರು ಹೇಳಿದ್ದು? ಅಕ್ಕ ಮನೇಲಿದಾಳೆ."

"ಮತ್ತೆ ಆ ಬಿಲ್ಲೆ ಮೇಲಿನ ಹೆಸರು ಒತ್ತಿದ್ರೆ ಏನೂ ಬರಲ್ವಲ್ಲ. ನಾಲ್ಕು ಸಲ ನೋಡಿದೆ. ಹೋಗೇಬಿಟ್ರು ಅಂದ್ಕೊಂಡ್ವಿ."

ಬೋರ್ಡಣ್ಣ ದರ್ಜಿಯ ಫೋನು ಇಸಿದುಕೊಂಡು ತಾನೇ ಒತ್ತಿದ. ಬಿಳಿಯ ಪುಟದ ಮೇಲೆ ಒಂದೇ ಸಾಲು: ಈ ವಿಳಾಸ ಸಿಗುತ್ತಿಲ್ಲ. ಮತ್ತೆ ಒತ್ತಿದ, ಅದೇ. ತನ್ನ ಫೋನು ತೆಗೆದು ಒತ್ತಿದ, ಅಕ್ಕನ ಪುಟ ಥಟ್ಟನೆ ಬಂತು. ಎರಡೂ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಅವನು ದರ್ಜಿಯ ಸ್ಟೂಲಿನ ಮೇಲೆ ಕೂತುಬಿಟ್ಟ. ಬರೆದ ಬೋರ್ಡನ್ನೆಲ್ಲ ರಸ್ತೆ ದಾಟಿ ಓದಿದವನು, ದಾರಿಹೋಕರನ್ನು ತಡೆದು ಓದಿಸಿದವನು, ಇದೊಂದನ್ನು ಇನ್ನೊಬ್ಬರ ಕೈಯಲ್ಲಿ ಓದಿಸಿರಲಿಲ್ಲ. ಎಲ್ಲಿ ಹೋಗಿತ್ತು ಬುದ್ಧಿ? ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅಲ್ಲಿಂದಲೇ ಬೆಣ್ಣೆಗೆ ಫೋನು ಮಾಡಿದ.

"ಹೆಸರು ನಿಮ್ಮದೇ ಸಾರ್, ಯಾರೂ ಕಿತ್ಕೊಳ್ಳೋಕಾಗಲ್ಲ" ಎಂದ ಬೆಣ್ಣೆ.

"ಯಾರೂ ಬರೋಕೂ ಆಗಲ್ವಲ್ಲಪ್ಪ."

"ಅದು ಅವರ ಫೋನಿನ ಸಮಸ್ಯೆ ಸಾರ್."

"ಹಾಗಾದ್ರೆ ಉಳಿದ ಎಂಬತ್ತೆಂಟೂ ನೀನೇ ವಾಪಸ್ ತಗೋ. ಅರ್ಧಕ್ಕೆ ಕೊಡ್ತೀನಿ."

"ನಾವು ಮಾರ್ತೀವಿ ಸಾರ್, ಕೊಳ್ಳಲ್ಲ. ಮತ್ತೆ ಒಂದು ವಿಷಯ. ಈಗ ಇನ್ನೊಂದು ಕಂಪನೀನೂ ಅವರದೇ ಪಟ್ಟಿ ಮಾಡಿ ಅಂಗಡಿ ಬಾಲ ಮಾರ್ತಾ ಇದೆ. ಅವರ ಹತ್ರಾನೂ ಒಂದೊಂದು ತಗೊಂಡಿಟ್ರೆ ಸೇಫು."

"ಎರಡು ಪಟ್ಟೀಲೂ ಒಂದೇ ಹೆಸರು, ಇಬ್ಬರು ಯಜಮಾನರು. ನಾಳೆ ದೊಡ್ಡ ಪಟ್ಟಿಯೋರೇ ಈ ಬಾಲ ತಂದ್ರೆ?"

"ಆಗ ನೋಡೋಣ ಸಾರ್" ಎಂದು ಬೆಣ್ಣೆ ಫೋನು ಇಟ್ಟ.

ದೂರು ಕೊಡೋಣವೆಂದರೆ ಕಚೇರಿ ಇಲ್ಲ. ಯಾವ ಕಚೇರಿಯೂ ಕಿತ್ತುಕೊಳ್ಳಲಾರದು ಎಂದು ಹಿಗ್ಗಿದ್ದವನು, ಯಾವ ಕಚೇರಿಯೂ ಕಾಪಾಡಲಾರದು ಎಂಬ ಇನ್ನೊಂದು ಮಗ್ಗುಲನ್ನು ನೋಡಿರಲಿಲ್ಲ. ಹಳೆಯ ಮಾಮೂಲಿ ಹೆಸರನ್ನು ನೋಡಿದ. ಅದನ್ನು ಯಾರೋ ಎತ್ತಿಕೊಂಡಿದ್ದರು. ಮಷೀನಕ್ಕ ಎಂದು ಒತ್ತಿದರೆ ಇಸ್ಪೀಟು ಆಡಿ ಗೆಲ್ಲಿ ಎಂದು ಬಣ್ಣಬಣ್ಣದ ಜಾಹೀರಾತು. ಕೊಡುತ್ತೀರಾ ಎಂದು ಕೇಳಿದರೆ, ಬೋರ್ಡಣ್ಣ ತಾನೇ ಹನ್ನೆರಡು ವರ್ಷ ಬೇರೆಯವರಿಗೆ ಹೇಳುತ್ತಿದ್ದ ಧಾಟಿಯಲ್ಲೇ ಉತ್ತರ ಬಂತು, ಅವನ ಕೈಗೆಟುಕದ ಬೆಲೆಯ ಜೊತೆ.

ಶನಿವಾರ ಪೂರ್ತಿ ಅವನು ಬಿಲ್ಲೆ ಹೊಡೆಸಿಕೊಂಡವರ ಮನೆ, ಅಂಗಡಿ ಸುತ್ತಿದ. ಪರದೆ ಹೊಲಿಯುವವಳು, ಸ್ಕೂಟರಿನ ಸೀಟು ಹೊಲಿಯುವವನು, ಬ್ಯಾಗು ಮಾಡುವ ಗಂಡಹೆಂಡತಿ, ಹೊಲಿಗೆ ಕಲಿಸುವ ಟೀಚರು. ಹೋದಲ್ಲೆಲ್ಲ ಒಂದೇ ಕತೆ. ಎಲ್ಲರೂ ಹೆಸರು ಒತ್ತಿದ್ದರು. ಒಬ್ಬರು ಫೋನು ಕೆಟ್ಟಿದೆಯೆಂದು ರಿಪೇರಿಗೂ ಕೊಟ್ಟಿದ್ದರು. ಟೀಚರಿನ ಹದಿನಾಲ್ಕು ಮಷೀನಿನಲ್ಲಿ ಐದು ನಿಂತು ಎರಡು ತಿಂಗಳಾಗಿತ್ತು. "ಬೇರೆ ಯಾರ ಕೈಗೂ ಕೊಡೋಕೆ ಮನಸ್ಸು ಬರಲಿಲ್ಲ" ಎಂದರು ಅವರು. ಸಾಲು ಕೆಡವಿದ ಜಾಗಕ್ಕೆ ಹೋಗಿ, ಮಣ್ಣು ಹೊರುವವರನ್ನೆಲ್ಲ ಮಷೀನಕ್ಕ ಎಲ್ಲಿ ಹೋದರು ಎಂದು ಕೇಳುತ್ತ ಒಂದು ಗಂಟೆ ಬಿಸಿಲಿನಲ್ಲಿ ನಿಂತು ಬಂದಿದ್ದರಂತೆ.

ಸಂಜೆ ಮನೆಗೆ ಬಂದವನು ಹೆಂಡತಿಗೆ ಎಲ್ಲ ಹೇಳಿದ. ಅವಳು ಹಳೆಯ ಮಾತು ಎತ್ತಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಮಾಮೂಲಿ ಪಟ್ಟೀಲಿ ಬೇರೆ ಹೆಸರು ಹಿಡೀತೀನಿ" ಎಂದ. "ನಾನೇ ಮನೆ ಮನೆಗೆ ಹೋಗಿ ಬಿಲ್ಲೆ ಬದಲಾಯಿಸ್ತೀನಿ. ಅಕ್ಕನಿಗೆ ಏನೋ ಕಂಪನಿ ಕಡೆಯಿಂದ ಬದಲಾವಣೆ ಅಂದ್ರಾಯ್ತು. ನಾಳೆ ಗಾಡಿಯವನಿಗೂ ನಾನೇ ಬೇಡ ಅಂತೀನಿ."

"ಅತ್ತಿಗೆ ನಾಲ್ಕು ತಿಂಗಳಿಂದ ಅಲ್ಲಿ ಕೂತು ಏನು ಯೋಚನೆ ಮಾಡ್ತಿದ್ರು ಅಂತ ನಿಮಗೆ ಗೊತ್ತಲ್ಲ?"

"ಗೊತ್ತು."

"ಬಿಲ್ಲೆ ಬದಲಾಯಿಸಿದ್ರೆ ಅದು ಹೋಗತ್ತಾ? ಮೊದಲು ಹೋಗಿ ಹೇಳಿ. ಬೈತಾರೆ, ಬೈಸ್ಕೊಳ್ಳಿ."

ಬೈಗುಳಕ್ಕೆ ಹೆದರಿದ್ದಲ್ಲ ಅವನು. ಹೆಸರಿನ ವಿಷಯ ಪುಟ್ಟನಿಗೆ ಗೊತ್ತು ಎಂದು ಅಕ್ಕ ನಂಬಿದ್ದಳಲ್ಲ, ಜಗತ್ತಿನಲ್ಲಿ ಹಾಗೆ ನಂಬಿದವಳು ಅವಳೊಬ್ಬಳೇ. ಅದು ಹೋದರೆ ತನ್ನದೆನ್ನಲು ಏನು ಉಳಿಯುತ್ತದೆ ಎಂದು ಅಂಜಿದ. ಹೆಸರನ್ನು ಹಿಡಿದುಕೊಂಡು ಕೂತವನೇ ಅದರ ಯಜಮಾನ ಎಂದು ಹನ್ನೆರಡು ವರ್ಷ ಬದುಕಿದ್ದ. ಕರೆಯುವವರಿಲ್ಲದಿದ್ದರೆ ಅದು ಯಾರದಾದರೇನು ಎಂದು ಈಗ ಅನಿಸತೊಡಗಿತು. ಗೋಡೆಯ ಮೇಲೆ ಅವನೇ ಬರೆದು ಅಂಟಿಸಿದ್ದ ತೊಂಬತ್ತು ಹೆಸರಿನ ಹಾಳೆ ಇತ್ತು. ಅದನ್ನು ಕಿತ್ತು ಮಡಚಿ ಡ್ರಾಯರಿಗೆ ಹಾಕಿದ.

ಭಾನುವಾರ ಒಂಬತ್ತಕ್ಕೆ ಮೆಟ್ಟಿಲು ಹತ್ತಿದ. ಅಕ್ಕ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಟೂಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಗೋಡೆಯಲ್ಲಿ ಬರೀ ಮೊಳೆಗಳಿದ್ದವು.

"ಅಕ್ಕ, ಒಂದು ಮಾತು ಹೇಳಬೇಕು."

"ಹಾಂ?"

"ಒಂದು ಮಾತು."

"ಗಾಡಿ ಬಂತಾ?"

ಚೀಟಿಯಲ್ಲಿ ಬರೆದು ಕೊಡೋಣ ಎಂದರೆ ಅವಳು ಕನ್ನಡಕವನ್ನು ಯಾವುದೋ ಪೆಟ್ಟಿಗೆಗೆ ಹಾಕಿ ಹಗ್ಗ ಕಟ್ಟಿಬಿಟ್ಟಿದ್ದಳು. ನೋಡಿ, ಮನುಷ್ಯ ತಪ್ಪು ಒಪ್ಪಿಕೊಳ್ಳುವಾಗ ತಲೆ ತಗ್ಗಿಸಿ ಮೆಲ್ಲಗೆ ಹೇಳುತ್ತಾನೆ. ಬೋರ್ಡಣ್ಣನಿಗೆ ಆ ಸುಖವೂ ಇರಲಿಲ್ಲ. ಅಕ್ಕನೆದುರು ಮಂಡಿಯೂರಿ ಕೂತು, ಅವಳ ಕಣ್ಣಿಗೆ ಕಣ್ಣು ಕೊಟ್ಟು, ಎದುರು ಮನೆಯ ಕಿಟಕಿಗೂ ಕೇಳುವಂತೆ ಕೂಗಿ ಹೇಳಬೇಕಾಯಿತು.

"ನಾನು ಕೊಟ್ಟ ಹೆಸರು ತೆರೀತಿರಲಿಲ್ಲ ಅಕ್ಕ. ನಮ್ಮ ಫೋನಲ್ಲಿ ಮಾತ್ರ ತೆರೀತಿತ್ತು. ಊರಲ್ಲಿ ಬೇರೆ ಯಾರಿಗೂ ತೆರೀಲಿಲ್ಲ. ನಾನು ಒಂದು ಸಲಾನೂ ಬೇರೆಯವರ ಫೋನಲ್ಲಿ ನೋಡಲಿಲ್ಲ. ನಿನ್ನ ಹಳೇ ಹೆಸರು ನನ್ನ ಕೈಲಿತ್ತು, ಅದನ್ನೂ ಬಿಟ್ಟೆ. ನನ್ನ ತಪ್ಪು. ಜನ ಹುಡುಕಿದ್ರು, ಸಿಗಲಿಲ್ಲ."

ಎದುರು ಮನೆಯ ಕಿಟಕಿ ತೆರೆಯಿತು. ಕೆಳಗೆ ಪಾತ್ರೆಯ ಸದ್ದು ನಿಂತಿತು. ಅಕ್ಕ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಮುಂದಿನ ಮಾತನ್ನು, ಬಿಲ್ಲೆ ಬದಲಾಯಿಸುವುದನ್ನು, ಹೊಸ ಹೆಸರು ಹಿಡಿಯುವುದನ್ನು ಹೇಳಹೊರಟ. ಅವಳು ಕೈಯೆತ್ತಿ ತಡೆದಳು.

"ಅದೆಲ್ಲ ಆಮೇಲೆ. ಕೊನೇಲಿ ಏನಂದೆ?"

"ಸಿಗಲಿಲ್ಲ ಅಂದೆ."

"ಅದರ ಮೊದಲು."

"ಜನ ಹುಡುಕಿದ್ರು."

"ಯಾರು ಹುಡುಕಿದ್ರು?"

ಅವನು ಹೇಳಿದ. ದರ್ಜಿ, ನಾಲ್ಕು ಸಲ. ಪರದೆಯವಳು. ಸೀಟು ಹೊಲಿಯುವವನು. ಬ್ಯಾಗಿನ ಗಂಡಹೆಂಡತಿ, ಇಬ್ಬರೂ ಬೇರೆ ಬೇರೆ. ಟೀಚರು ಕೆಡವಿದ ಅಂಗಡಿಯ ಹತ್ತಿರ ಬಿಸಿಲಿನಲ್ಲಿ ನಿಂತದ್ದು, ಐದು ಮಷೀನು ಇನ್ನೂ ಹಾಗೇ ಇಟ್ಟುಕೊಂಡಿರುವುದು. ಎಲ್ಲೂ ಸ್ವರ ಇಳಿಸುವಂತಿರಲಿಲ್ಲ.

ಅಕ್ಕನ ಮುಖ ಮೊದಲು ಗಟ್ಟಿಯಾಗೇ ಇತ್ತು. ಆಮೇಲೆ ಎಣ್ಣೆಬಟ್ಟೆ ಕೈಗೆ ಸಿಕ್ಕಿತು, ಅದನ್ನು ಮಡಿಸಿ ತಮ್ಮನ ಭುಜಕ್ಕೆ ಒಂದು ಬಾರಿಸಿದಳು, ಇನ್ನೊಂದು ಬಾರಿಸಿದಳು.

"ನಾಲ್ಕು ತಿಂಗಳು ಪುಟ್ಟ. ನಾಲ್ಕು ತಿಂಗಳು ನಾನು ಯಾರಿಗೂ ಬೇಡ ಅನ್ಕೊಂಡು ಇಲ್ಲಿ ಕೂತಿದ್ದೆ. ಅಯ್ಯೋ ಪಾಪಿ."

"ಹೌದಕ್ಕ."

"ಹುಡುಕಿದ್ರಾ?"

"ಹುಡುಕಿದ್ರು."

ಆಗ ಅವಳು ಅತ್ತಳು. ಅಳುತ್ತಲೇ ನಕ್ಕಳು, ಎಣ್ಣೆಬಟ್ಟೆಯಲ್ಲೇ ಮುಖ ಒರೆಸಿಕೊಂಡು ಕೆನ್ನೆಗೆಲ್ಲ ಮಸಿ ಮಾಡಿಕೊಂಡಳು. ತಂದೆ ಹೋದ ದಿನವೂ ಅವಳು ಅತ್ತದ್ದನ್ನು ಬೋರ್ಡಣ್ಣ ನೋಡಿರಲಿಲ್ಲ. ಅವನು ತಲೆ ತಗ್ಗಿಸಿದ. ಅಕ್ಕ ಅವನ ಗದ್ದಕ್ಕೆ ಕೈ ಹಾಕಿ ಮುಖವನ್ನು ತನ್ನ ಕಡೆ ಎತ್ತಿದಳು, ಬಾಯಿ ಕಾಣುವಂತೆ.

"ಯಾರ್ಯಾರು ಅಂತ ಮೊದಲಿಂದ ಹೇಳು" ಎಂದಳು. "ಜೋರಾಗಿ ಹೇಳು."

ಅವನು ದರ್ಜಿಯಿಂದ ಶುರು ಮಾಡಿ ಮತ್ತೆ ಹೇಳಿದ, ಮೊದಲಿಗಿಂತ ಜೋರಾಗಿ.